ಹಳೆಯ ಮೋಟಾರು ಗಾಡಿಯ ಆಲ್ಟರ್ನೇಟರ್: ದೋಷವನ್ನು ಅರಿಯುವ ಹಾಗೂ ಸರಿಪಡಿಸುವ ಕ್ರಮ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಒಕ್ಕಲುತನವು ಹಿಂದೆ ಎತ್ತಿನ ಹೆಗಲಿನ ಮೇಲೆ ಎಷ್ಟರ ಮಟ್ಟಿಗೆ ನಿಂತಿದ್ದಿತೋ ಇಂದು ಎಂಜಿನ್ನಿನ ಮೇಲೆ ಅಷ್ಟೇ ಮಟ್ಟಿಗೆ ನಿಂತಿರುವುದೆಂಬುದು ಸರ್ವರೂ ಬಲ್ಲ ಸಂಗತಿಯು. ಹೊಲದ ಹತ್ತಿಯೂ ಗೋವಿನಜೋಳವೂ ಪೇಟೆಗೆ ಹೋಗುವುದು ಟ್ರ್ಯಾಕ್ಟರಿನಿಂದಲೇ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಮಾರುಕಟ್ಟೆಯ ಅಂಗಳವನ್ನು ಸೇರುವುದೂ ಬಹುಮಟ್ಟಿಗೆ ಗಾಲಿಗಳ ಮೇಲೆಯೇ. ಇದಲ್ಲದೆ ಅನುಕೂಲಸ್ಥ ಭೂಮಾಲೀಕರ ಮನೆಗಳಲ್ಲಿ ಹಿರಿಯರು ಕೊಂಡ ಅಂಬಾಸಡರ್ ಕಾರೋ ಜೀಪೋ ಇಂದಿಗೂ ಬಳಕೆಯಲ್ಲಿರುವುದುಂಟು. ಅಂಬಾಸಡರ್ ಕಾರಿನ ತಯಾರಿಕೆಯು ಬಂಗಾಳದ ಉತ್ತರಪಾರಾದಲ್ಲಿ ೨೦೧೪ರಲ್ಲಿ ನಿಂತುಹೋಯಿತು. ಆದರೂ ಚೆನ್ನಾಗಿ ನೋಡಿಕೊಂಡ ಕಾರು ಇನ್ನೂ ಅನೇಕ ವರ್ಷಗಳ ಸೇವೆಯನ್ನು ಕೊಡಬಲ್ಲದು.

ಎತ್ತಿಗೆ ಜಡ್ಡಾದರೆ ಒಕ್ಕಲಿಗನು ಅದರ ಮೂತಿಯನ್ನು ಮುಟ್ಟಿ, ಮೆಲುಕನ್ನೂ ಸಗಣಿಯನ್ನೂ ನೋಡಿ, ರೋಗವು ಯಾವುದೆಂದು ತಕ್ಕಮಟ್ಟಿಗೆ ಊಹಿಸುವನು. ಔಷಧವನ್ನು ಹಾಕುವುದು ಆ ಬಳಿಕ. ಮೋಟಾರು ಗಾಡಿಯ ವಿಷಯದಲ್ಲಿ ಮಾತ್ರ ನಮ್ಮವರು ಈ ವಿವೇಕವನ್ನು ಬಿಟ್ಟುಬಿಡುವರು. ಮುಂಜಾನೆ ಗಾಡಿಯು ಚಾಲೂ ಆಗದಿದ್ದರೆ ಬ್ಯಾಟರಿಯು ಕೆಟ್ಟಿತೆಂದು ನಿರ್ಧರಿಸಿ, ಹೊಸದೊಂದನ್ನು ಕೊಂಡು ತರುವರು. ಕೆಲವು ವಾರಗಳೊಳಗೆ ಅದೂ ನೆಲಕಚ್ಚುವುದು. ದೋಷವು ಬ್ಯಾಟರಿಯಲ್ಲಿರದೆ ಅದನ್ನು ತುಂಬಿಸುವ ಆಲ್ಟರ್ನೇಟರಿನಲ್ಲಿಯೋ, ಅದರ ಪಟ್ಟಿಯಲ್ಲಿಯೋ, ತಂತಿಯಲ್ಲಿಯೋ ಇದ್ದರೆ ಎಷ್ಟು ಬ್ಯಾಟರಿ ತಂದರೂ ಫಲವಿಲ್ಲ. ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಬಾರದೆಂಬುದೇ ಈ ಲೇಖನದ ಸಾರವು.

ಈ ವಿಷಯದ ಮಹತ್ವ

ಇದು ಬರಿಯ ಹಣದ ಮಾತಲ್ಲ. ಪೆಟ್ರೋಲಿನ ಕಾರಿಗೆ ಕಿಡಿಯನ್ನು ಹೊತ್ತಿಸಲು ವಿದ್ಯುತ್ತು ಬೇಕು. ಬ್ಯಾಟರಿಯು ಬತ್ತಿದರೆ ಅದು ನಿಂತುಬಿಡುವುದು. ಹಳೆಯ ಮಾದರಿಯ ಡೀಸೆಲ್ ಎಂಜಿನ್ನಿಗಾದರೋ ಒಮ್ಮೆ ಚಾಲೂ ಆದ ಮೇಲೆ ವಿದ್ಯುತ್ತಿನ ಹಂಗಿಲ್ಲ. ಆಲ್ಟರ್ನೇಟರು ಸತ್ತರೂ ಟ್ರ್ಯಾಕ್ಟರು ಎಂದಿನಂತೆ ಎಳೆಯುತ್ತಲೇ ಇರುವುದು. ದೀಪಗಳು ಮಾತ್ರ ಮೆಲ್ಲಮೆಲ್ಲನೆ ಮಂಕಾಗುವುವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದರಿಂದ ಚಾಲಕನಿಗೆ ಇದು ಬೇಗನೆ ತಿಳಿಯದು. ಹಿಂದಿನಿಂದ ವೇಗವಾಗಿ ಬರುವವನಿಗೆ ಟ್ರೇಲರು ಕಾಣುವುದೇ ಇಲ್ಲ.

ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳ ಮಾರ್ಗವಾಗಿ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯು ಹಗಲಿರುಳು ಬಿಡುವಿಲ್ಲದ ರಸ್ತೆಯು. ೨೦೨೪ನೆಯ ಇಸವಿಯ ಜೂನ್ ೨೮ರಂದು ಬ್ಯಾಡಗಿ ತಾಲೂಕಿನಲ್ಲಿ ಇದೇ ಹೆದ್ದಾರಿಯ ಮೇಲೆ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವೊಂದು ಹಿಂದಿನಿಂದ ಬಡಿದು ೧೩ ಜನರು ಮೃತಪಟ್ಟರು. ಆ ಅಪಘಾತದ ಕಾರಣಗಳ ವಿಚಾರವು ಈ ಲೇಖನದ್ದಲ್ಲ. ಆದರೆ ಈ ರಸ್ತೆಯಲ್ಲಿ ನಿಂತ ಅಥವಾ ನಿಧಾನವಾಗಿ ಸಾಗುವ ವಾಹನವು ದೂರದಿಂದಲೇ ಕಾಣದಿದ್ದರೆ ಏನಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಸುಗ್ಗಿಯ ಕಾಲದಲ್ಲಿ ಮಾಲು ಹೇರಿಕೊಂಡು ರಾತ್ರಿಯಲ್ಲಿ ಹೊರಡುವ ಗಾಡಿಯ ಹಿಂದಿನ ಕೆಂಪು ದೀಪವು ಆಲ್ಟರ್ನೇಟರಿನ ಆರೋಗ್ಯದಿಂದಲೇ ಉರಿಯತಕ್ಕದ್ದು.

ಯಂತ್ರದ ಕೆಲಸ

ಬ್ಯಾಟರಿಯನ್ನು ತೋಟದ ನೀರಿನ ತೊಟ್ಟಿಯೆಂದೂ, ಆಲ್ಟರ್ನೇಟರನ್ನು ಆ ತೊಟ್ಟಿಗೆ ನೀರೆತ್ತುವ ಪಂಪೆಂದೂ ಭಾವಿಸಬಹುದು. ಗಾಡಿಯನ್ನು ಚಾಲೂ ಮಾಡುವಾಗ ತೊಟ್ಟಿಯ ನೀರು ಖರ್ಚಾಗುವುದು. ಚಾಲೂ ಆದ ಮೇಲೆ ಪಂಪು ತೊಟ್ಟಿಯನ್ನು ಮತ್ತೆ ತುಂಬಿಸುತ್ತ, ದೀಪಗಳಿಗೂ ಹಾರನ್ನಿಗೂ ಬೇಕಾದುದನ್ನು ಒದಗಿಸುವುದು. ಪಂಪು ನಿಂತರೆ ತೊಟ್ಟಿಯು ಎಷ್ಟು ಹೊಸದಾದರೇನು?

ಹಿಂದಿನ ಗಾಡಿಗಳಲ್ಲಿ ಈ ಕೆಲಸಕ್ಕೆ ಡೈನಮೋ ಇದ್ದಿತು. ಎಂಜಿನ್ನು ನಿಧಾನವಾಗಿ ತಿರುಗುವಾಗ ಅದು ಬಹು ಅಲ್ಪವಾದ ವಿದ್ಯುತ್ತನ್ನು ಕೊಡುತ್ತಿದ್ದಿತು. ಸಿಲಿಕಾನ್ ಡಯೋಡುಗಳು ಬಳಕೆಗೆ ಬಂದ ಮೇಲೆ ಆಲ್ಟರ್ನೇಟರು ಕಾರುಗಳಲ್ಲಿ ಪ್ರಚಾರಕ್ಕೆ ಬಂದಿತು; ಅಮೇರಿಕೆಯ ಕ್ರೈಸ್ಲರ್ ಕಂಪನಿಯು ೧೯೬೦ರಲ್ಲಿ ಇದನ್ನು ತನ್ನ ವೇಲಿಯಂಟ್ ಕಾರಿಗೆ ಜೋಡಿಸಿತು. ನಮ್ಮ ದೇಶದಲ್ಲಿ ಮದ್ರಾಸಿನ ಲ್ಯೂಕಾಸ್-ಟಿವಿಎಸ್ ಕಂಪನಿಯು ೧೯೬೧ರಲ್ಲಿ ಸ್ಥಾಪಿತವಾಗಿ, ಮೋಟಾರು ಗಾಡಿಗಳ ವಿದ್ಯುತ್ ಸಾಮಾನುಗಳನ್ನು ತಯಾರಿಸಲು ತೊಡಗಿತು.

ಆಲ್ಟರ್ನೇಟರಿನ ಒಳಗೆ ತಿರುಗುವ ಭಾಗಕ್ಕೆ ರೋಟರೆಂದು ಹೆಸರು. ಎರಡು ಇದ್ದಿಲ ಬ್ರಶ್ಶುಗಳು ಅದರ ತಾಮ್ರದ ಉಂಗುರಗಳನ್ನು ಒತ್ತಿಕೊಂಡಿದ್ದು, ರೋಟರಿನ ಸುರುಳಿಗೆ ಅಲ್ಪ ವಿದ್ಯುತ್ತನ್ನು ಕೊಟ್ಟು ಅದನ್ನು ಅಯಸ್ಕಾಂತವನ್ನಾಗಿ ಮಾಡುವುವು. ಅದು ತಿರುಗಿದಾಗ ಸುತ್ತಲಿನ ಸ್ಥಿರ ಸುರುಳಿಗಳಲ್ಲಿ, ಅಂದರೆ ಸ್ಟೇಟರಿನಲ್ಲಿ, ವಿದ್ಯುತ್ತು ಹುಟ್ಟುವುದು. ಹೀಗೆ ಹುಟ್ಟಿದ ವಿದ್ಯುತ್ತು ಹಿಂದಕ್ಕೂ ಮುಂದಕ್ಕೂ ತೂಗಾಡುವ ಜಾತಿಯದು. ಬ್ಯಾಟರಿಗೆ ಒಂದೇ ದಿಕ್ಕಿನದು ಬೇಕು. ಡಯೋಡುಗಳು ಬಾವಿಯ ಪಂಪಿನ ಕವಾಟದಂತೆ ಒಂದೇ ದಿಕ್ಕಿಗೆ ದಾರಿ ಬಿಟ್ಟು, ಇನ್ನೊಂದು ದಿಕ್ಕನ್ನು ಮುಚ್ಚುವುವು. ರೆಗ್ಯುಲೇಟರೆಂಬ ಸಣ್ಣ ಭಾಗವು ಒತ್ತಡವು ಮಿತಿಮೀರದಂತೆ ಕಾಯುವುದು. ಇಷ್ಟನ್ನು ಅರಿತವನಿಗೆ ಮುಂದಿನ ಪರೀಕ್ಷೆಗಳು ಕಠಿಣವಾಗವು.

ಬೇಕಾಗುವ ಉಪಕರಣಗಳು

ವೋಲ್ಟು, ಓಮ್ ಮತ್ತು ೧೦ ಆಂಪಿಯರಿನವರೆಗೆ ಅಳೆಯುವ ಒಂದು ಮಲ್ಟಿಮೀಟರು. ೧೨ ವೋಲ್ಟಿನ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ತಂತಿ. ಪಾನಾಗಳು, ತಂತಿಯ ಬ್ರಶ್ಶು, ಅಡಿಗೆ ಸೋಡಾ ಮತ್ತು ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ. ಬ್ಯಾಟರಿಯ ಹತ್ತಿರ ಬೀಡಿ ಸೇದಕೂಡದು. ಅದರಿಂದ ಹೊರಡುವ ಅನಿಲವು ಸಿಡಿಯುವ ಜಾತಿಯದು. ಎಂಜಿನ್ನು ತಿರುಗುವಾಗ ಪರೀಕ್ಷಿಸುವವರು ಧೋತರದ ಚುಂಗನ್ನೂ ಹೆಗಲ ವಸ್ತ್ರವನ್ನೂ ಬಿಗಿಯಾಗಿ ಕಟ್ಟಿಕೊಳ್ಳತಕ್ಕದ್ದು.

ಪರೀಕ್ಷೆಯ ಕ್ರಮ

ಈ ಕೆಳಗಿನ ಪರೀಕ್ಷೆಗಳನ್ನು ಹೇಳಿದ ಅನುಕ್ರಮದಲ್ಲಿಯೇ ಮಾಡತಕ್ಕದ್ದು. ಸುಲಭವಾದುದೂ ಖರ್ಚಿಲ್ಲದುದೂ ಮೊದಲು, ಬಿಚ್ಚುವ ಕೆಲಸವು ಕಡೆಗೆ.

(೧) ಎಚ್ಚರಿಕೆಯ ದೀಪ. ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿದಾಗ ಚಾರ್ಜಿನ ಕೆಂಪು ದೀಪವು ಹತ್ತಬೇಕು. ಎಂಜಿನ್ನು ಚಾಲೂ ಆದೊಡನೆ ಆರಬೇಕು. ಮೊದಲೇ ಹತ್ತದಿದ್ದರೆ ಅದನ್ನು ಸಣ್ಣ ಸಂಗತಿಯೆಂದು ಬಿಡಕೂಡದು. ಬಹು ಗಾಡಿಗಳಲ್ಲಿ ರೋಟರಿಗೆ ಆರಂಭದ ವಿದ್ಯುತ್ತು ಹೋಗುವುದು ಈ ದೀಪದ ಮೂಲಕವೇ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರು ಕೆಲಸಕ್ಕೆ ತೊಡಗದೆ ಹೋಗಬಹುದು. ಹೀಗಾದಾಗ ಆಲ್ಟರ್ನೇಟರಿಗೆ ಬರುವ ದೀಪದ ಸಣ್ಣ ತಂತಿಯನ್ನು ಬಿಡಿಸಿ, ಕೀಲಿ ತಿರುಗಿಸಿ, ಆ ತಂತಿಯ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಬೇಕು. ದೀಪವು ಹತ್ತಿದರೆ ಬಲ್ಬೂ ತಂತಿಯೂ ನೆಟ್ಟಗಿವೆ, ದೋಷವು ಆಲ್ಟರ್ನೇಟರಿನ ಒಳಗಿದೆ. ಹತ್ತದಿದ್ದರೆ ಬಲ್ಬನ್ನೋ ಅದರ ತಂತಿಯನ್ನೋ ನೋಡಬೇಕು. ದಪ್ಪ ತಂತಿಯನ್ನು ಎಂದಿಗೂ ಹೀಗೆ ತಾಗಿಸಲಾಗದು. ಅದು ಯಾವಾಗಲೂ ಬ್ಯಾಟರಿಗೆ ಜೋಡಿಸಲ್ಪಟ್ಟಿರುವುದರಿಂದ ಬೆಂಕಿಯೇ ಹತ್ತುವುದು.

(೨) ಪಟ್ಟಿ. ಎಂಜಿನ್ನನ್ನು ನಿಲ್ಲಿಸಿ, ಎರಡು ಪುಲ್ಲಿಗಳ ನಡುವಣ ಉದ್ದವಾದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಪಟ್ಟಿಯು ಸುಮಾರು ಅರ್ಧ ಅಂಗುಲದಷ್ಟು ತಗ್ಗಬೇಕು. ಹೆಚ್ಚು ತಗ್ಗಿದರೆ ಸಡಿಲಾಗಿದೆ. ದೀಪ ಹಾಕಿದಾಗ ಜಾರಿ ಕೀರಲು ಸದ್ದು ಮಾಡುವುದು. ತೀರ ಬಿಗಿದರೆ ಬೇರಿಂಗು ಸವೆಯುವುದು. ಒಳಮಗ್ಗುಲು ಗಾಜಿನಂತೆ ಮಿರುಗುತ್ತಿದ್ದರೆ ಅಥವಾ ಸೀಳಿದ್ದರೆ ಪಟ್ಟಿಯನ್ನು ಬದಲಿಸತಕ್ಕದ್ದು.

(೩) ಬ್ಯಾಟರಿ. ಗಾಡಿಯು ಕೆಲವು ತಾಸು ನಿಂತ ಮೇಲೆ ಅಳೆದರೆ ಪೂರ್ಣ ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ೧೨.೨ ಇದ್ದರೆ ಅರ್ಧ ಬತ್ತಿದೆಯೆಂದೂ, ೧೨ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆಯೆಂದೂ ತಿಳಿಯಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ದ್ರವದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದಾಗ ಒಂದು ಕೋಣೆಗೂ ಇನ್ನೊಂದಕ್ಕೂ ೦.೦೫೦ಕ್ಕಿಂತ ಹೆಚ್ಚಿನ ಅಂತರವಿದ್ದರೆ ಆ ಕೋಣೆಯು ಕೆಟ್ಟಿದೆ. ಟರ್ಮಿನಲ್ಲುಗಳ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಹುಡಿಯು ಕೂತಿದ್ದರೆ ಮೊದಲು ಋಣದ ತಂತಿಯನ್ನು, ಆಮೇಲೆ ಧನದ ತಂತಿಯನ್ನು ಬಿಡಿಸಿ, ಸೋಡಾ ಕಲಸಿದ ನೀರಿನಿಂದ ತೊಳೆದು, ಉಜ್ಜಿ, ಒಣಗಿಸಿ, ಬಿಗಿದು, ಜೆಲ್ಲಿಯನ್ನು ಸವರತಕ್ಕದ್ದು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

(೪) ತುಂಬುವ ಒತ್ತಡ. ಎಂಜಿನ್ನನ್ನು ಚಾಲೂ ಮಾಡಿ, ನಿಂತಲ್ಲಿಯ ಓಟಕ್ಕಿಂತ ಸ್ವಲ್ಪ ಏರಿಸಿ, ಬ್ಯಾಟರಿಯ ಎರಡು ಕೊನೆಗಳಲ್ಲಿ ಅಳೆಯಬೇಕು. ೧೩.೮ರಿಂದ ೧೪.೪ ವೋಲ್ಟು ಆರೋಗ್ಯದ ಲಕ್ಷಣವು. ನಿಂತಾಗಿನ ಅಂಕಿಯೇ ಉಳಿದರೆ ಬ್ಯಾಟರಿಗೆ ಏನೂ ತಲುಪುತ್ತಿಲ್ಲ. ೧೫ನ್ನು ದಾಟಿದರೆ ರೆಗ್ಯುಲೇಟರು ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಬತ್ತುವುದೂ ಬಲ್ಬುಗಳು ಮೇಲಿಂದ ಮೇಲೆ ಸುಡುವುದೂ ಇದರ ಚಿಹ್ನೆಗಳು.

(೫) ಹೊರೆಯೊಡನೆ ಪರೀಕ್ಷೆ. ಈಗ ಮುಂದಿನ ದೊಡ್ಡ ದೀಪಗಳನ್ನೂ ಉಳಿದೆಲ್ಲ ದೀಪಗಳನ್ನೂ ಹಾಕಿ, ಎಂಜಿನ್ನನ್ನು ನಿಮಿಷಕ್ಕೆ ೧೫೦೦ರಿಂದ ೨೦೦೦ ಸುತ್ತಿನ ಓಟದಲ್ಲಿಟ್ಟು ಮತ್ತೆ ಅಳೆಯಬೇಕು. ೧೩.೫ ವೋಲ್ಟಿಗಿಂತ ಮೇಲೆ ನಿಂತರೆ ಸರಿ. ಹೊರೆ ಬಿದ್ದೊಡನೆ ಇಳಿದರೆ ಪಟ್ಟಿಯ ಜಾರಿಕೆ, ತಂತಿಯ ದೋಷ, ಸವೆದ ಬ್ರಶ್ಶು ಅಥವಾ ಸತ್ತ ಡಯೋಡು ಕಾರಣವಾಗಿರಬಹುದು.

(೬) ದಾರಿಯ ಸೋರಿಕೆ. ಕಾಲುವೆಯಲ್ಲಿ ನೀರು ಸೋರಿದಂತೆ ಸಡಿಲಾದ ಜೋಡುಗಳಲ್ಲಿ ಒತ್ತಡವು ಸೋರುವುದು. ಹೊರೆಯಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಧನದ ಕೊನೆಗೂ ಹಿಡಿದರೆ ಆ ದಾರಿಯಲ್ಲಿ ನಷ್ಟವಾಗುವ ವೋಲ್ಟು ತಿಳಿಯುವುದು. ಅದು ೦.೩ಕ್ಕಿಂತ ಹೆಚ್ಚಿರಬಾರದು. ಅದೇ ರೀತಿ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣದ ಕೊನೆಗೂ ನಡುವೆ ೦.೨ಕ್ಕಿಂತ ಹೆಚ್ಚಿರಬಾರದು. ಅನೇಕ ಗ್ಯಾರೇಜುಗಳಲ್ಲಿ ಬಿಟ್ಟುಬಿಡುವ ಪರೀಕ್ಷೆಯು ಇದೇ. ಹಳೆಯ ಗಾಡಿಗಳಲ್ಲಿ ಅತಿಹೆಚ್ಚು ಫಲಕೊಡುವುದೂ ಇದೇ.

(೭) ಅಲೆಯ ಪರೀಕ್ಷೆ. ಎಂಜಿನ್ನು ನಡೆಯುತ್ತಿರುವಾಗ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆದರೆ ೦.೫ ವೋಲ್ಟಿಗಿಂತ ಹೆಚ್ಚು ತೋರಿಸಿದಲ್ಲಿ ಡಯೋಡು ಕೆಟ್ಟಿರುವ ಸಂಶಯವು ಬಲವಾಗುವುದು.

(೮) ರಾತ್ರಿಯ ಕಳವು. ಸಂಜೆ ತುಂಬಿದ್ದ ಬ್ಯಾಟರಿಯು ಮುಂಜಾನೆ ಬರಿದಾಗಿದ್ದರೆ, ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಋಣದ ತಂತಿಯನ್ನು ಬಿಡಿಸಿ, ಆ ತಂತಿಗೂ ಬ್ಯಾಟರಿಯ ಕೊನೆಗೂ ನಡುವೆ ೧೨ ವೋಲ್ಟಿನ ಸಣ್ಣ ಬಲ್ಬನ್ನು ಜೋಡಿಸಬೇಕು. ಹಳೆಯ ಗಾಡಿಯಲ್ಲಿ ಅದು ಹತ್ತಬಾರದು. ಹತ್ತಿದರೆ ಎಲ್ಲಿಯೋ ವಿದ್ಯುತ್ತು ಕದಿಯಲ್ಪಡುತ್ತಿದೆ. ಬಲ್ಬನ್ನು ತೆಗೆದು, ಆಲ್ಟರ್ನೇಟರಿನ ದಪ್ಪ ತಂತಿಯನ್ನು ಬಿಡಿಸಿ, ಅದರ ತುದಿಗೆ ಬಟ್ಟೆ ಸುತ್ತಿ, ಬಲ್ಬನ್ನು ಮತ್ತೆ ಜೋಡಿಸಿದಾಗ ಹತ್ತದೆ ಹೋದರೆ ಕಳ್ಳನು ಆಲ್ಟರ್ನೇಟರಿನ ಡಯೋಡೇ ಎಂದು ನಿಶ್ಚಯವಾಯಿತು.

ಒಂದು ನಿದರ್ಶನ

ಬ್ಯಾಡಗಿ ತಾಲೂಕಿನ ಒಬ್ಬ ಭೂಮಾಲೀಕರ ಹಳೆಯ ಡೀಸೆಲ್ ಅಂಬಾಸಡರ್ ಕಾರಿನಲ್ಲಿ ಒಂದೇ ವರ್ಷದಲ್ಲಿ ಎರಡು ಬ್ಯಾಟರಿಗಳು ಹೋಗಿದ್ದುವು. ಆಲ್ಟರ್ನೇಟರಿನ ಸುರುಳಿಯನ್ನೂ ಒಮ್ಮೆ ಹೊಸದಾಗಿ ಸುತ್ತಿಸಲಾಗಿದ್ದಿತು. ಎಚ್ಚರಿಕೆಯ ದೀಪವು ಸರಿಯಾಗಿ ಹತ್ತಿ ಆರುತ್ತಿದ್ದುದರಿಂದ ಎಲ್ಲರೂ ಬ್ಯಾಟರಿಯನ್ನೇ ದೂರುತ್ತಿದ್ದರು. ಈ ಲೇಖಕನು ದೀಪಗಳನ್ನು ಹಾಕಿಸಿ ಅಳೆದಾಗ ಆಲ್ಟರ್ನೇಟರಿನ ಬೋಲ್ಟಿನಲ್ಲಿ ೧೪.೩ ವೋಲ್ಟು ಇದ್ದಿತು, ಬ್ಯಾಟರಿಯಲ್ಲಿ ೧೨.೬ ಮಾತ್ರ. ನಡುದಾರಿಯಲ್ಲಿ ೧.೭ ವೋಲ್ಟು ನಷ್ಟವಾಗಿದ್ದಿತು: ಧನದ ದಾರಿಯಲ್ಲಿ ೧.೫, ಋಣದ ದಾರಿಯಲ್ಲಿ ೦.೨. ದಪ್ಪ ತಂತಿಯನ್ನು ಕೈಯಿಂದ ಸವರುತ್ತ ಹೋದಾಗ ಒಂದೆಡೆಯಲ್ಲಿ ಅದು ಮುಟ್ಟಲಾರದಷ್ಟು ಬಿಸಿಯಾಗಿದ್ದಿತು. ಅಲ್ಲಿ ಯಾವ ಕಾಲದಲ್ಲಿಯೋ ಎರಡು ತುಂಡುಗಳನ್ನು ಬರಿಯ ಕೈಯಿಂದ ಹೊಸೆದು ಟೇಪು ಸುತ್ತಿದ್ದರು. ಟೇಪಿನೊಳಗೆ ತಾಮ್ರವು ಕಪ್ಪಾಗಿ ಪುಡಿಯಾಗಿದ್ದಿತು.

ಆ ತಂತಿಯನ್ನು ತೆಗೆದು, ತಕ್ಕ ದಪ್ಪದ ಅಖಂಡವಾದ ಹೊಸ ತಂತಿಯನ್ನು ಹಾಕಿ, ತುದಿಗಳಿಗೆ ಟರ್ಮಿನಲ್ಲುಗಳನ್ನು ಒತ್ತಿ ಕೂರಿಸಿ, ಎಂಜಿನ್ನಿಗೂ ಚಾಸಿಗೂ ನಡುವಣ ಅರ್ಥಿನ ಪಟ್ಟಿಯನ್ನು ಉಜ್ಜಿ ಬಿಗಿದ ಮೇಲೆ ಬ್ಯಾಟರಿಯು ೧೪.೦ ವೋಲ್ಟನ್ನು ತೋರಿಸಿತು. ಎರಡು ಬ್ಯಾಟರಿಗಳಿಗೂ ಸುರುಳಿಗೂ ತೆತ್ತ ಹಣದ ಮುಂದೆ ಈ ತಂತಿಯ ಬೆಲೆಯು ಲೆಕ್ಕಕ್ಕೆ ಬಾರದಷ್ಟು ಅಲ್ಪವು. ಆಲ್ಟರ್ನೇಟರಿನಲ್ಲಿ ಅಳೆದ ಅಂಕಿಯನ್ನೂ ಬ್ಯಾಟರಿಯಲ್ಲಿ ಅಳೆದ ಅಂಕಿಯನ್ನೂ ಹೋಲಿಸದೆ ಇದ್ದಿದ್ದರೆ ಮೂರನೆಯ ಬ್ಯಾಟರಿಯೂ ಅದೇ ಗತಿಯನ್ನು ಕಾಣುತ್ತಿದ್ದಿತು.

ಬಿಚ್ಚಿ ನೋಡುವಾಗ

ಮೇಲಿನ ಪರೀಕ್ಷೆಗಳಿಂದ ದೋಷವು ಆಲ್ಟರ್ನೇಟರಿನ ಒಳಗೇ ಇದೆಯೆಂದು ತಿಳಿದರೆ ಮಾತ್ರ ಅದನ್ನು ಇಳಿಸತಕ್ಕದ್ದು. ಇಳಿಸುವ ಮೊದಲು ಬ್ಯಾಟರಿಯ ಋಣದ ತಂತಿಯನ್ನು ಬಿಡಿಸಿ, ಯಾವ ತಂತಿ ಯಾವ ಬೋಲ್ಟಿಗೆಂಬುದನ್ನು ಚೀಟಿ ಕಟ್ಟಿ ಗುರುತಿಸಿಡುವುದು ಲೇಸು.

ಬ್ರಶ್ಶುಗಳನ್ನು ಮೊದಲು ನೋಡಬೇಕು. ಗೂಡಿನಿಂದ ಹೊರಚಾಚಿದ ಭಾಗವು ೫ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬದಲಿಸತಕ್ಕದ್ದು. ತಯಾರಕರ ಪುಸ್ತಕವು ಬೇರೆ ಅಳತೆಯನ್ನು ಹೇಳಿದಲ್ಲಿ ಅದನ್ನೇ ಅನುಸರಿಸಬೇಕು. ಹಳೆಯ ಆಲ್ಟರ್ನೇಟರುಗಳ ರೋಗಗಳಲ್ಲಿ ಇದು ಬಹು ಸಾಮಾನ್ಯವೂ ಅಗ್ಗವೂ ಆದುದು. ಉಂಗುರಗಳು ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಬೆಂಕಿಯಿಂದ ದೂರದಲ್ಲಿ ಒರೆಸಬೇಕು. ಹೋಗದಿದ್ದರೆ ಅತಿ ನಯವಾದ ಗಾಜುಕಾಗದದಿಂದ ಹಗುರಾಗಿ ಉಜ್ಜಬಹುದು. ಎಮರಿ ಕಾಗದವನ್ನು ಬಳಸಕೂಡದು.

ಅನಂತರ ಮೀಟರನ್ನು ಓಮಿಗೆ ತಿರುಗಿಸಿ ಎರಡು ಉಂಗುರಗಳ ನಡುವೆ ಅಳೆದರೆ ಸಾಮಾನ್ಯವಾಗಿ ೨ರಿಂದ ೫ ಓಮ್ ಇರುವುದು. ಏನೂ ತೋರಿಸದಿದ್ದರೆ ಸುರುಳಿಯು ತುಂಡಾಗಿದೆ. ಉಂಗುರಕ್ಕೂ ರೋಟರಿನ ದಂಡಕ್ಕೂ ನಡುವೆ ದಾರಿಯೇ ಇರಬಾರದು. ಇದ್ದರೆ ಸುರುಳಿಯು ಮೈಗೆ ತಾಗಿದೆ. ಡಯೋಡನ್ನು ಮೀಟರಿನ ಡಯೋಡ್ ಸ್ಥಾನದಲ್ಲಿ ಅಳೆದರೆ ಒಂದು ದಿಕ್ಕಿನಲ್ಲಿ ೦.೫ರಿಂದ ೦.೭ ತೋರಿಸಿ, ಕಡ್ಡಿಗಳನ್ನು ತಿರುವಿದಾಗ ಏನೂ ತೋರಿಸಬಾರದು. ಎರಡು ದಿಕ್ಕಿಗೂ ದಾರಿ ಬಿಡುವುದೂ, ಎರಡು ದಿಕ್ಕಿಗೂ ಮುಚ್ಚಿರುವುದೂ ಸತ್ತ ಡಯೋಡಿನ ಲಕ್ಷಣಗಳು. ದಂಡವನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ ಅಥವಾ ಅಲುಗಾಡಿದರೆ ಬೇರಿಂಗನ್ನು ಬದಲಿಸಬೇಕು.

ಬ್ರಶ್ಶು, ಪಟ್ಟಿ, ತಂತಿ ಮತ್ತು ಟರ್ಮಿನಲ್ಲುಗಳ ಕೆಲಸವನ್ನು ಕೈಚಳಕವುಳ್ಳ ಮಾಲೀಕರು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಡಯೋಡು, ಬೇರಿಂಗು ಮತ್ತು ಸುರುಳಿಯ ಕೆಲಸವನ್ನು ಅನುಭವಿಕ ಮಿಸ್ತ್ರಿಗೆ ಒಪ್ಪಿಸುವುದೇ ಯುಕ್ತವು. ಆಗಲೂ ನೀವು ಅಳೆದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ; ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ; ಕೆಲಸ ಮುಗಿದ ಮೇಲೆ ನಾಲ್ಕನೆಯ ಮತ್ತು ಐದನೆಯ ಪರೀಕ್ಷೆಗಳನ್ನು ನಿಮ್ಮೆದುರಿಗೆ ಮಾಡಿಸಿರಿ. ಅಂಕಿ ಹಿಡಿದು ಬರುವ ಗಿರಾಕಿಗೆ ಪ್ರಾಮಾಣಿಕ ಮಿಸ್ತ್ರಿಯು ಸಂತೋಷಪಡುವನು, ಮತ್ತೊಬ್ಬನು ಎಚ್ಚರಗೊಳ್ಳುವನು.

ಮಾಡಬಾರದ ಕೆಲಸಗಳು

ಒಂದನೆಯದಾಗಿ, ಎಂಜಿನ್ನು ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ತೆಗೆದು, ಗಾಡಿಯು ನಿಲ್ಲುವುದೋ ಇಲ್ಲವೋ ನೋಡುವ ಪದ್ಧತಿಯು ನಮ್ಮಲ್ಲಿ ಹರಡಿದೆ. ಇದು ಡೈನಮೋ ಕಾಲದಿಂದ ಬಂದ ರೂಢಿಯು. ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ ಒತ್ತಡವು ಕ್ಷಣಮಾತ್ರದಲ್ಲಿ ಹಲವು ಪಟ್ಟು ಏರಿ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಲ್ಲದು. ಆರೋಗ್ಯವಂತನ ನಾಡಿಯನ್ನು ನೋಡಲು ಹೋಗಿ ಕೈಯನ್ನೇ ಮುರಿದಂತಾಗುವುದು. ಡೀಸೆಲ್ ಎಂಜಿನ್ನಿನಲ್ಲಂತೂ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಬ್ಯಾಟರಿ ಇದ್ದರೂ ಇಲ್ಲದಿದ್ದರೂ ಅದು ನಡೆಯುವುದು.

ಎರಡನೆಯದಾಗಿ, ಬ್ಯಾಟರಿಯ ಧನ ಋಣಗಳನ್ನು ಅದಲುಬದಲಾಗಿ ಜೋಡಿಸಕೂಡದು. ಮೂರನೆಯದಾಗಿ, ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೇಲರಿಗಾಗಲಿ ಗಾಡಿಯ ಚಾಸಿಗಾಗಲಿ ವಿದ್ಯುತ್ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ಎರಡು ತಂತಿಗಳನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಬಿಡಿಸತಕ್ಕದ್ದು. ಸುಗ್ಗಿಗೆ ಮುಂಚೆ ಟ್ರೇಲರಿಗೆ ಬೆಸುಗೆ ಹಾಕಿಸಿ ತಂದ ಮರುದಿನವೇ ಚಾರ್ಜು ನಿಂತಿತೆಂಬ ದೂರಿಗೆ ಇದೇ ಕಾರಣವಾಗಿರಬಹುದು. ನಾಲ್ಕನೆಯದಾಗಿ, ತೀರ ಬರಿದಾದ ಬ್ಯಾಟರಿಯನ್ನು ಆಲ್ಟರ್ನೇಟರಿನಿಂದಲೇ ತುಂಬಿಸುವೆನೆಂದು ಹೊರಡಬಾರದು. ಅದು ಅಷ್ಟು ಹೊತ್ತು ಪೂರ್ಣ ಹೊರೆಯನ್ನು ಹೊತ್ತು ಕಾದು ಕೆಡುವುದು. ಬ್ಯಾಟರಿಯನ್ನು ಮೊದಲು ಅಂಗಡಿಯಲ್ಲಿ ಚಾರ್ಜು ಮಾಡಿಸತಕ್ಕದ್ದು. ಐದನೆಯದಾಗಿ, ಗಾಡಿಯನ್ನು ತೊಳೆಯುವಾಗ ನೀರಿನ ಬಿರುಸಾದ ಧಾರೆಯನ್ನು ಆಲ್ಟರ್ನೇಟರಿನ ಮೇಲೆ ಬಿಡಲಾಗದು.

ಡೈನಮೋ ಇರುವ ಗಾಡಿಗಳು

ತೀರ ಹಳೆಯ ಕಾರುಗಳಲ್ಲಿ ಇನ್ನೂ ಡೈನಮೋ ಇರುವುದುಂಟು. ಲ್ಯೂಕಾಸ್ ಸಿ-೪೦ ಮಾದರಿಯ ಡೈನಮೋ ಕೊಡುತ್ತಿದ್ದುದು ಹೆಚ್ಚೆಂದರೆ ೨೨ ಆಂಪಿಯರ್. ೬೦ ವಾಟಿನ ಎರಡು ಮುಂದೀಪಗಳಿಗೇ ೧೦ ಆಂಪಿಯರ್ ಬೇಕು. ಹಿಂದಿನ ದೀಪ, ಹಾರನ್ನು, ಒರಸುಕಡ್ಡಿಗಳು ಬೇರೆ. ಆದುದರಿಂದ ಕೆಲವರು ಡೈನಮೋ ತೆಗೆಸಿ ಆಲ್ಟರ್ನೇಟರನ್ನು ಹಾಕಿಸುವರು. ಇದು ಒಳ್ಳೆಯ ಸುಧಾರಣೆಯೇ. ಆದರೆ ನಾಲ್ಕು ಸಂಗತಿಗಳನ್ನು ನೋಡತಕ್ಕದ್ದು. ಇಂಗ್ಲಿಷ್ ಮಾದರಿಯ ಹಳೆಯ ಗಾಡಿಗಳಲ್ಲಿ ಅನೇಕವು ಬ್ಯಾಟರಿಯ ಧನದ ಕೊನೆಯನ್ನು ಚಾಸಿಗೆ ಜೋಡಿಸಿದವುಗಳು; ಸಾಮಾನ್ಯ ಆಲ್ಟರ್ನೇಟರಿಗೆ ಋಣದ ಕೊನೆಯು ಚಾಸಿಗೆ ಸೇರಿರಬೇಕು. ಇದನ್ನು ವಿಚಾರಿಸದೆ ಜೋಡಿಸಿದರೆ ಡಯೋಡುಗಳು ಆ ಕ್ಷಣವೇ ಸುಡುವುವು. ದಪ್ಪ ತಂತಿಯು ಹೆಚ್ಚಿನ ವಿದ್ಯುತ್ತನ್ನು ತಾಳುವಂತಿರಬೇಕು. ಮುಂದಿನ ಹಲಗೆಯ ಆಂಪಿಯರ್ ಮೀಟರು ಅಷ್ಟನ್ನು ತಡೆಯದಿದ್ದರೆ ಅದನ್ನೂ ಬದಲಿಸಬೇಕು. ಹಳೆಯ ಕಟ್-ಔಟ್ ಪೆಟ್ಟಿಗೆಯನ್ನು ದಾರಿಯಿಂದ ತೆಗೆಯಬೇಕು.

ಸುಗ್ಗಿಗೆ ಮುಂಚಿನ ಎಚ್ಚರಿಕೆ

ಈ ಮೂರು ತಾಲೂಕುಗಳ ಹವೆಯೂ ಬೆಳೆಯೂ ಆಲ್ಟರ್ನೇಟರಿಗೆ ವಿಶೇಷ ತೊಂದರೆಗಳನ್ನು ಕೊಡುವುವು. ಅದು ತನ್ನ ಬೀಸಣಿಕೆಯಿಂದಲೇ ತಣ್ಣಗಾಗುವ ಯಂತ್ರವು; ಹತ್ತಿಯ ಎಳೆ, ಗೋವಿನಜೋಳದ ರವುದಿ, ಮೆಣಸಿನಕಾಯಿಯ ಧೂಳು, ಎರೆಮಣ್ಣಿನ ಕೆಸರು ಅದರ ಗಾಳಿಯ ಕಿಂಡಿಗಳನ್ನು ಮುಚ್ಚಿದರೆ ಡಯೋಡುಗಳು ಕಾದು ಸಾಯುವುವು. ಆದುದರಿಂದ ಹದಿನೈದು ದಿನಕ್ಕೊಮ್ಮೆ ಎಂಜಿನ್ನನ್ನು ನಿಲ್ಲಿಸಿ ಒಣ ಕುಂಚದಿಂದಲೋ ಮೆಲ್ಲನೆಯ ಗಾಳಿಯಿಂದಲೋ ಕಿಂಡಿಗಳನ್ನು ಸ್ವಚ್ಛಗೊಳಿಸತಕ್ಕದ್ದು. ಮಳೆಗಾಲದಲ್ಲಿ ಕಾರು ಕೊಟ್ಟಿಗೆಯಲ್ಲಿ ನಿಂತೇ ಇದ್ದರೆ ಇಲಿಗಳು ತಂತಿಯ ಮೇಲ್ಹೊದಿಕೆಯನ್ನು ಕಡಿಯುವುವು. ಬ್ಯಾಟರಿಯೂ ತಾನಾಗಿ ಬತ್ತುವುದು. ಋಣದ ತಂತಿಯನ್ನು ಬಿಡಿಸಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸುವುದು ಹಿತಕರವು.

ಲೆಕ್ಕವನ್ನು ಮಾಡಿ ನೋಡಿರಿ. ೬೦ ಆಂಪಿಯರ್-ತಾಸಿನ ಹೊಸ ಬ್ಯಾಟರಿಯು ಆಲ್ಟರ್ನೇಟರಿನ ಸಹಾಯವಿಲ್ಲದೆ ೧೨ ಆಂಪಿಯರಿನ ದೀಪಗಳನ್ನು ಲೆಕ್ಕದ ಪ್ರಕಾರ ೫ ತಾಸು ಉರಿಸಬಲ್ಲದು. ಆದರೆ ಅಷ್ಟು ಹೊತ್ತಿಗೆ ಬಹು ಮುಂಚೆಯೇ ಬೆಳಕು ಮಂಕಾಗುವುದು. ಅರ್ಧ ತುಂಬಿದ ಹಳೆಯ ಬ್ಯಾಟರಿಯು ೨ ತಾಸು ಉರಿಸಿದರೆ ದೊಡ್ಡದು. ರಾತ್ರಿ ಊರು ಬಿಟ್ಟು, ಮಾರುಕಟ್ಟೆಯ ಬಾಗಿಲಲ್ಲಿ ಸಾಲಿನಲ್ಲಿ ನಿಂತು, ಮಾಲಿಳಿಸಿ, ಬೆಳಗಿನ ಜಾವಕ್ಕೆ ಹಿಂದಿರುಗುವ ಗಾಡಿಗೆ ಇಷ್ಟು ಹೊತ್ತು ಸಾಲುವುದೇ?

ಊರಿನ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮೆಣಸಿನಕಾಯಿಯ ಪೇಟೆಯು ಏರುವ ಮೊದಲು, ಅಂದರೆ ಡಿಸೆಂಬರಿನೊಳಗೆ, ಗ್ರಾಮದ ಎಲ್ಲ ಟ್ರ್ಯಾಕ್ಟರುಗಳನ್ನೂ ಕಾರು ಜೀಪುಗಳನ್ನೂ ಒಂದು ದಿನ ಒಂದೆಡೆಯಲ್ಲಿ ಸೇರಿಸಿ, ಒಂದನೆಯದರಿಂದ ಐದನೆಯದರವರೆಗಿನ ಪರೀಕ್ಷೆಗಳನ್ನು ಮಾಡಿಸಿರಿ. ಪ್ರತಿಯೊಂದು ಟ್ರೇಲರಿನ ಹಿಂದೀಪವು ಹತ್ತುವುದೇ ಎಂದು ಕಣ್ಣಾರೆ ನೋಡಿರಿ. ಹಿಂಭಾಗಕ್ಕೆ ಬೆಳಕನ್ನು ಪ್ರತಿಫಲಿಸುವ ಕೆಂಪು ಪಟ್ಟಿಗಳನ್ನು ಅಂಟಿಸಿರಿ. ಒಂದು ಮಲ್ಟಿಮೀಟರನ್ನು ಸಹಕಾರಿ ಸಂಘದಲ್ಲಿಟ್ಟರೆ ಇಡೀ ಊರಿಗೆ ಸಾಕು. ಅದನ್ನು ಬಳಸಲು ಕಲಿತ ಇಬ್ಬರು ತರುಣರು ಸಿದ್ಧರಾದರೆ, ಬರುವ ಸುಗ್ಗಿಯಲ್ಲಿ ನಿಮ್ಮ ಊರಿನ ಬ್ಯಾಟರಿಗಳು ವ್ಯರ್ಥವಾಗಿ ಹೋಗವು; ರಾತ್ರಿ ಮಾಲು ಹೇರಿಕೊಂಡು ಹೋದ ಮಕ್ಕಳು ಮುಂಜಾನೆ ಸುರಕ್ಷಿತವಾಗಿ ಮನೆ ಸೇರುವರು.